ಕಥೆಗೂ ಒಂದು ಊರು ಬೇಕು



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ಇಬ್ಬರು ಮಕ್ಕಳ ತಾಯಿ. ಶಾಲೆಯಲ್ಲಿದ್ದಾಗಲೇ ಪ್ರಬಂಧ ಸ್ಪರ್ಧೆಗಳಲ್ಲಿ ಬಹುಮಾನ ಗಳಿಸುತ್ತಿದ್ದ ಹುಡುಗಿ. ಕಾಫಿ ಕುಡಿದಾದ ಮೇಲೆ, ಸ್ವಲ್ಪ ಸಂಕೋಚದಿಂದಲೇ, ಕೈಚೀಲದಿಂದ ಹಾಳೆಗಳ ದಪ್ಪ ಕಟ್ಟೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. "ಸರ್, ಒಂದು ಕಾದಂಬರಿ ಬರೆದಿದ್ದೇನೆ. ಪ್ರಕಾಶಕರಿಗೆ ಕೊಡುವ ಮೊದಲು ನೀವು ಓದಬೇಕು. ಆಗಿನ ಹಾಗೆ ಕೆಂಪು ಶಾಯಿಯಲ್ಲಿ ತಿದ್ದಿದರೂ ನನಗೆ ಬೇಜಾರಿಲ್ಲ" ಎಂದಳು. ಮೇಷ್ಟ್ರ ಜೀವನದಲ್ಲಿ ಇದಕ್ಕಿಂತ ದೊಡ್ಡ ನಿವೃತ್ತಿವೇತನ ಯಾವುದಿದ್ದೀತು!

ನಾಲ್ಕು ದಿನಗಳಲ್ಲಿ ಓದಿ ಮುಗಿಸಿದೆ. ಭಾಷೆ ಶುದ್ಧವಾಗಿದೆ, ಮಾತುಗಳಲ್ಲಿ ಜೀವವಿದೆ. ಜಮೀನುದಾರರ ಮನೆಯ ಮಗಳು ಗೇಣಿದಾರನ ಮಗನನ್ನು ಮೆಚ್ಚುತ್ತಾಳೆ, ಮನೆಯವರು ಒಪ್ಪುವುದಿಲ್ಲ, ಒಂದು ರಾತ್ರಿ ಮನೆ ಬಿಡುತ್ತಾಳೆ, ಹಲವು ವರ್ಷಗಳ ನಂತರ ಮರಳಿ ಬಂದಾಗ ಆ ಮನೆ ಪಾಳುಬಿದ್ದಿರುತ್ತದೆ. ಆದರೆ ಓದುತ್ತಾ ಹೋದಂತೆ ನನಗೊಂದು ತೊಡಕು ಕಾಡತೊಡಗಿತು. ಕಾದಂಬರಿಯ ಉದ್ದಕ್ಕೂ ಊರಿಗೆ ಹೆಸರಿಲ್ಲ. 'ಆ ಊರು' ಎಂದಷ್ಟೇ ಇದೆ. ಅಲ್ಲಿ ಅಡಿಕೆ ತೋಟವೂ ಇದೆ, ರಾಗಿ ಹೊಲವೂ ಇದೆ. ಒಂದು ಅಧ್ಯಾಯದಲ್ಲಿ ವಾರಗಟ್ಟಲೆ ಜಡಿಮಳೆ. ಮುಂದಿನ ಅಧ್ಯಾಯದಲ್ಲಿ ಕೆರೆ ಬತ್ತಿ ಮಳೆಗಾಗಿ ಕತ್ತೆಗಳ ಮದುವೆ. ನಾಯಕಿ ರಾತ್ರಿ ಮನೆಯಿಂದ ಹೊರಟಾಗ ಮೂರು ಮೈಲಿ ನಡೆದರೂ ಒಂದು ನರಪಿಳ್ಳೆ ಎದುರಾಗುವುದಿಲ್ಲ. ಆದರೆ ಬೆಳಗಾಗುವುದರೊಳಗೆ 'ಇಡೀ ಬೀದಿಗೆ' ಸುದ್ದಿ ಗೊತ್ತಾಗಿರುತ್ತದೆ.

ದೂರವಾಣಿ ಮಾಡಿ ಕೇಳಿದೆ: "ಇದು ಯಾವ ಸೀಮೆಯ ಊರಮ್ಮಾ?"

"ಯಾವ ಊರಾದರೂ ಆಗಬಹುದು ಸರ್. ಮನುಷ್ಯರ ಭಾವನೆಗಳು ಎಲ್ಲ ಕಡೆಯೂ ಒಂದೇ ಅಲ್ಲವೇ? ಊರಿನ ಹೆಸರು ಹಾಕಿಬಿಟ್ಟರೆ ಕಥೆ ಚಿಕ್ಕದಾಗುತ್ತದೆ ಅನ್ನಿಸಿತು. ಪ್ರಕೃತಿ ವರ್ಣನೆ ಇನ್ನೂ ಸ್ವಲ್ಪ ಬೇಕಿದ್ದರೆ ಸೇರಿಸುತ್ತೇನೆ."

ಆ ಕೊನೆಯ ವಾಕ್ಯ ಕೇಳಿದಾಗ ನಾನು ಸುಮ್ಮನಾದೆ. ಏಕೆಂದರೆ ಪ್ರಕೃತಿ ವರ್ಣನೆಯನ್ನು ಕಥೆಗೆ 'ಸೇರಿಸುವುದು' ಎಂಬ ಪಾಠವನ್ನು ಅವಳಿಗೆ ಕಲಿಸಿದವನು ನಾನೇ! ಅವಳ ಒಪ್ಪಿಗೆ ಪಡೆದು ಈ ಲೇಖನವನ್ನು ಬರೆಯುತ್ತಿದ್ದೇನೆ. ಇದು ಅವಳಿಗೆ ನನ್ನ ಉತ್ತರವೂ ಹೌದು, ನಿಮ್ಮೆಲ್ಲರ ಎದುರು ನನ್ನದೊಂದು ತಪ್ಪೊಪ್ಪಿಗೆಯೂ ಹೌದು.

ನನ್ನ ತರಗತಿಗಳಲ್ಲಿ ಕುಳಿತಿದ್ದವರಿಗೆ ನೆನಪಿರಬಹುದು. ಯಾವುದೇ ಗದ್ಯಪಾಠ ಮುಗಿದ ಮೇಲೆ ನಾನು ಟಿಪ್ಪಣಿ ಬರೆಸುತ್ತಿದ್ದೆ: ಕಥಾವಸ್ತು, ಪಾತ್ರಚಿತ್ರಣ, ಸಂಭಾಷಣೆ, ಪ್ರಕೃತಿ ವರ್ಣನೆ, ಶೈಲಿ. ಪ್ರತಿಯೊಂದಕ್ಕೂ ಐದೈದು ಸಾಲು. ನೀವು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದಿರಿ. ನಾನು ಅಂಕ ಕೊಡುತ್ತಿದ್ದೆ. ಕಥೆ ಒಂದು ಖಾನೆಯಲ್ಲಿ, ಬೆಟ್ಟಗುಡ್ಡ ನದಿಗಳು ಇನ್ನೊಂದು ಖಾನೆಯಲ್ಲಿ. ನಾಟಕದ ಹಿಂದೆ ಇಳಿಬಿಡುವ ಪರದೆಯ ಹಾಗೆ ಪ್ರಕೃತಿ. ಪರದೆ ಬದಲಾಯಿಸಿದರೂ ನಾಟಕ ಅದೇ. ಹೀಗೆ ಕಲಿಸಿದ್ದು ತಪ್ಪು ಎಂಬುದು ನನಗೆ ಗೊತ್ತಿರಲಿಲ್ಲವೆಂದು ಹೇಳಿದರೆ ಅದು ಸುಳ್ಳಾದೀತು. ಗೊತ್ತಿತ್ತು. ಗೊತ್ತಾದದ್ದು ಹೇಗೆಂದು ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ತುಮಕೂರು ಜಿಲ್ಲೆಯ ಬಯಲುಸೀಮೆಯ ಹಳ್ಳಿಯಲ್ಲಿ. ವರ್ಷಕ್ಕೆ 600–700 ಮಿಲಿಮೀಟರ್ ಮಳೆ ಬಂದರೆ ನಮ್ಮಲ್ಲಿ ಅದು ಒಳ್ಳೆಯ ವರ್ಷ. ಬಿ.ಎಡ್. ಮುಗಿಸಿ 1984ರಲ್ಲಿ ನನಗೆ ಸಿಕ್ಕಿದ ಮೊದಲ ನೇಮಕ ತೀರ್ಥಹಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಗೆ. ಅದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರಿಗೂ ಹೆಚ್ಚು. ಅಂಕಿ ಓದಿದ್ದೆ, ಅರ್ಥವಾಗಿರಲಿಲ್ಲ. ಊರು ಎಲ್ಲಿದೆಯೆಂದು ಕೇಳಿದರೆ "ಇದೇ ಊರು" ಎನ್ನುತ್ತಿದ್ದರು. ನನ್ನ ಕಣ್ಣಿಗೆ ಕಾಣುತ್ತಿದ್ದುದು ಒಂದೇ ಮನೆ. ಇನ್ನೊಂದು ಮನೆ ಗುಡ್ಡದ ಆಚೆ. ಗದ್ದೆಯ ಅಂಚಿಗೊಂದು, ತೋಟದ ತಲೆಗೊಂದು ಒಂಟಿಮನೆ. ಮಕ್ಕಳು ಕಾಡುದಾರಿಯಲ್ಲಿ ಎರಡು ಮೂರು ಮೈಲಿ ನಡೆದು, ಕಂಬಳಿಕೊಪ್ಪೆಯಿಂದ ನೀರಿಳಿಸಿಕೊಂಡು ಶಾಲೆಗೆ ಬರುತ್ತಿದ್ದರು.

ಜುಲೈ ತಿಂಗಳ ಕಿರುಪರೀಕ್ಷೆಗೆ ಎಂಟನೆಯ ತರಗತಿಯ ಒಬ್ಬ ಹುಡುಗ ಬರಲಿಲ್ಲ. ಮೂರನೆಯ ದಿನ ತಂದೆಯನ್ನು ಕರೆದುಕೊಂಡು ಬಂದ. ತಂದೆ ಜಗಲಿಯ ಕೆಳಗೆ ಮಳೆಯಲ್ಲೇ ನಿಂತು, "ಸಂಕ ಹೋಯ್ತು ಮೇಷ್ಟ್ರೆ, ಹಳ್ಳ ಇಳೀಲಿಲ್ಲ" ಎಂದರು. ಸಂಕವೆಂದರೆ ಏನೆಂದೇ ನನಗೆ ತಿಳಿದಿರಲಿಲ್ಲ. ತಪ್ಪಿಸಿಕೊಂಡ ಹುಡುಗನಿಗೆ ನೆಪ ಹೇಳಲು ತಂದೆ ಬಂದಿದ್ದಾರೆಂದುಕೊಂಡು, ನಿಯಮ ನಿಯಮವೇ ಎಂದು ಸೊನ್ನೆ ಹಾಕಿದೆ. ಆತ ಏನೂ ಹೇಳದೆ ಮಗನ ಹೆಗಲ ಮೇಲೆ ಕೈಯಿಟ್ಟು ಹಿಂದಿರುಗಿದರು.

ಮಳೆಗಾಲ ಕಳೆದ ಮೇಲೆ, ನವೆಂಬರಿನಲ್ಲಿ, ಆ ಹುಡುಗನ ಮನೆಯ ಕಡೆಗೆ ಹೋಗುವ ಸಂದರ್ಭ ಬಂತು. ದಾರಿಯಲ್ಲಿ ಒಂದು ಹಳ್ಳ. ಅದರ ಮೇಲೆ ಎರಡು ಅಡಿಕೆಮರಗಳನ್ನು ಜೋಡಿಸಿ ಹಾಕಿದ್ದರು. ಹಿಡಿದುಕೊಳ್ಳಲು ಒಂದು ಬಿದಿರು. ಜೊತೆಗಿದ್ದವರು "ಇದೇ ಸರ್, ಹೊಸ ಸಂಕ" ಎಂದರು. ನೀರು ಮೊಣಕಾಲಿನಷ್ಟೇ ಇತ್ತು, ಆದರೂ ದಾಟುವಾಗ ನನ್ನ ಕಾಲು ನಡುಗಿತು. ದಡದ ಮರದ ಬುಡದಲ್ಲಿ, ನನ್ನ ತಲೆಗಿಂತ ಎತ್ತರದಲ್ಲಿ, ಜುಲೈ ತಿಂಗಳಿನಲ್ಲಿ ನೀರು ತಂದು ಸಿಕ್ಕಿಸಿದ್ದ ಕಸಕಡ್ಡಿ ಇನ್ನೂ ನೇತಾಡುತ್ತಿತ್ತು.

ಆ ಚಳಿಗಾಲದಲ್ಲಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಎರಡನೆಯ ಬಾರಿಗೆ ಓದಿದೆ. ಕಾಲೇಜಿನಲ್ಲಿ ಓದಿದಾಗ ಅದು ನನಗೆ ಬೇಸರ ಹುಟ್ಟಿಸಿತ್ತು. ಕಾಡು, ಗುಡ್ಡ, ಮಳೆ, ಮತ್ತೆ ಕಾಡು. ಕಥೆ ಯಾವಾಗ ಮುಂದುವರಿಯುತ್ತದೆಂದು ಪುಟ ಹಾರಿಸಿದ್ದೆ. ಈ ಸಲ ಹಾರಿಸಲಾಗಲಿಲ್ಲ. ನಾನು ಹಾರಿಸಿದ್ದ ಪುಟಗಳಲ್ಲೇ ಕಥೆ ಇತ್ತು!

1967ರಲ್ಲಿ ಪ್ರಕಟವಾದ ಆ ಕಾದಂಬರಿಯ ಕಾಲ ಹತ್ತೊಂಬತ್ತನೆಯ ಶತಮಾನದ ಕೊನೆ. ಸ್ಥಳ ತೀರ್ಥಹಳ್ಳಿ, ಮೇಗರವಳ್ಳಿ, ಸಿಂಬಾವಿ, ಹೂವಳ್ಳಿ, ಕೋಣೂರು, ಹುಲಿಕಲ್ಲು ನೆತ್ತಿಗಳ ಸುತ್ತಲ ಮಲೆನಾಡು. ಅಲ್ಲಿ ಜನ ಸದಾ ನಡೆಯುತ್ತಿರುತ್ತಾರೆ. ಮನೆಗಳು ದೂರದೂರ ಇರುವುದರಿಂದ ಒಂದು ಸುದ್ದಿ, ಒಂದು ಕಾಗದ, ಒಂದು ಸಾಲದ ಮಾತು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕಾದರೆ ಯಾರಾದರೂ ಕಾಡು ದಾಟಲೇಬೇಕು. ಹಾಗೆ ದಾಟುವವನು ಸಾಮಾನ್ಯವಾಗಿ ಆಳು. ಆದ್ದರಿಂದಲೇ ಸಿಂಬಾವಿಯ ಹೊಲೆಯರ ನಾಯಿಗುತ್ತಿಯೂ ಅವನ ನಾಯಿ ಹುಲಿಯನೂ ಅಷ್ಟು ದೊಡ್ಡ ಕಾದಂಬರಿಯ ಜೀವನಾಡಿಯಾಗುತ್ತಾರೆ. ಹೆಗ್ಗಡೆಗಳ ಮನೆಗಳನ್ನು ಒಂದಕ್ಕೊಂದು ಹೆಣೆದಿರುವುದು ಗುತ್ತಿಯಂಥವರ ಪಾದಗಳು. ಬಯಲುಸೀಮೆಯ ಕಾದಂಬರಿಯಲ್ಲಿ ಈ ಆಳಿಗೆ ಇಷ್ಟು ದಾರಿ ನಡೆಯುವ ಅಗತ್ಯವೇ ಇರುವುದಿಲ್ಲ. ಗೌಡರು ಜಗಲಿಯಿಂದ ಕೂಗಿದರೆ ಸಾಕು, ಶಾನುಭೋಗರಿಗೆ ಕೇಳಿಸುತ್ತದೆ.

ಇನ್ನು ಆ ಕಾದಂಬರಿಯ ಪ್ರೇಮಕಥೆಗಳನ್ನು ನೋಡಿ. ಗುತ್ತಿ ತನ್ನ ತಿಮ್ಮಿಯನ್ನು ಕರೆದುಕೊಂಡು ಕಾಡು ಹಿಡಿಯುತ್ತಾನೆ. ಹೂವಳ್ಳಿಯ ಚಿನ್ನಮ್ಮ, ಸಿಂಬಾವಿಯ ಭರಮೈಹೆಗ್ಗಡೆಯೊಡನೆ ಗೊತ್ತಾದ ಮದುವೆಯಿಂದ ತಪ್ಪಿಸಿಕೊಂಡು, ಐತ ಪೀಂಚಲುಗಳ ನೆರವಿನಿಂದ ರಾತ್ರಿಯ ಕಾಡಿನಲ್ಲಿ ಹುಲಿಕಲ್ಲು ನೆತ್ತಿಯ ಕಡೆಗೆ ಹೋಗುತ್ತಾಳೆ, ಮುಕುಂದಯ್ಯನನ್ನು ಸೇರುತ್ತಾಳೆ. ಒಬ್ಬಳು ಹುಡುಗಿ ಮನೆಯ ಹಿತ್ತಿಲ ಬಾಗಿಲು ದಾಟಿದರೆ ಕಾಡು. ಕಾಡಿಗೆ ಹೆಗ್ಗಡೆಯ ಅಪ್ಪಣೆಯಿಲ್ಲ. ಅಲ್ಲಿ ಹುಲಿಯಿದೆ, ಮಳೆಯಿದೆ, ಉಂಬಳವಿದೆ. ಆದರೆ ಜಾತಿಯ ಪಂಚಾಯಿತಿ ಇಲ್ಲ. ತಪ್ಪಿಸಿಕೊಳ್ಳುವುದು ಸಾಧ್ಯ, ಅಡಗುವುದು ಸಾಧ್ಯ ಎಂಬ ನೆಲದಲ್ಲಿ ಮಾತ್ರ ಈ ಕಥೆ ಹುಟ್ಟುತ್ತದೆ. ಮಳೆಗಾಲದ ತುಂಗೆ ಅಲ್ಲಿ ವರ್ಣನೆಗಾಗಿ ಹರಿಯುವುದಿಲ್ಲ. ಹುಲಿಯನನ್ನು ಕೊಚ್ಚಿಕೊಂಡು ಹೋಗುವುದು ಆ ಪ್ರವಾಹವೇ. ನನ್ನ ವಿದ್ಯಾರ್ಥಿಯ ಸಂಕ ಕೊಚ್ಚಿಕೊಂಡು ಹೋದದ್ದು 'ಪ್ರಕೃತಿ ವರ್ಣನೆ'ಯಾಗಿರಲಿಲ್ಲ. ಅದು ಒಂದು ಘಟನೆ. ಅದಕ್ಕೆ ಒಬ್ಬ ತಂದೆ ಮಳೆಯಲ್ಲಿ ನಿಂತಿದ್ದ.

ಇದನ್ನು ನಮ್ಮ ಬಯಲುಸೀಮೆಗೆ ತಂದು ನೋಡೋಣ. ಎಸ್. ಎಲ್. ಭೈರಪ್ಪನವರ 'ಗೃಹಭಂಗ' (1970) ನಡೆಯುವುದು ತಿಪಟೂರು, ಚನ್ನರಾಯಪಟ್ಟಣಗಳ ಸೀಮೆಯಲ್ಲಿ, ರಾಮಸಂದ್ರವೆಂಬ ಹಳ್ಳಿಯಲ್ಲಿ. ನಮ್ಮ ಕಡೆಯ ಹಳ್ಳಿಗಳನ್ನು ಬಲ್ಲವರಿಗೆ ಗೊತ್ತು: ಹೊಲಗಳೆಲ್ಲ ಊರಾಚೆ, ಮನೆಗಳೆಲ್ಲ ಒಂದೇ ಕಡೆ ಗುಂಪಾಗಿ, ಗೋಡೆಗೆ ಗೋಡೆ ತಾಗಿ. ನೀರಿರುವ ಕಡೆ ಮನುಷ್ಯರು ಒತ್ತಾಗಿ ಬದುಕಬೇಕು. ಒಂದು ಮನೆಯಲ್ಲಿ ಒಗ್ಗರಣೆ ಸಿಡಿದರೆ ಪಕ್ಕದ ಮನೆಯಲ್ಲಿ ಸೀನು! ಅತ್ತೆ ಗಂಗಮ್ಮ ಬಯ್ದರೆ ಅದು ಮನೆಯೊಳಗಿನ ಮಾತಾಗಿ ಉಳಿಯುವುದಿಲ್ಲ, ಬೀದಿಯ ಮಾತಾಗುತ್ತದೆ. ನಂಜಮ್ಮನಿಗೆ ಓಡಿಹೋಗಲು ಕಾಡಿಲ್ಲ. ಊರ ಹೊರಗೆ ಹೆಜ್ಜೆಯಿಟ್ಟರೆ ಎರಡು ಮೈಲಿಯವರೆಗೂ ಕಾಣಿಸುವ ಬಯಲು. ಅವಳು ಮಾಡಬಹುದಾದದ್ದು ಒಂದೇ: ಇದ್ದಲ್ಲೇ ಇದ್ದು, ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು, ಮುತ್ತುಗದ ಎಲೆ ಹಚ್ಚಿ, ಮಕ್ಕಳನ್ನು ಸಾಕುವುದು. ಆ ಮುತ್ತುಗದ ಎಲೆಯೂ ಅಲಂಕಾರವಲ್ಲ. ನಮ್ಮ ಕುರುಚಲು ನೆಲ ಬಡವರಿಗೆ ಕಾಸಿಲ್ಲದೆ ಕೊಡುವ ಕೆಲವೇ ವಸ್ತುಗಳಲ್ಲಿ ಅದೊಂದು.

ಆಮೇಲೆ ಪ್ಲೇಗು ಬರುತ್ತದೆ. ಮೈಸೂರು ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟದ್ದು 1898ರಲ್ಲಿ. ಆಮೇಲೆ ದಶಕಗಳ ಕಾಲ ಮತ್ತೆ ಮತ್ತೆ ಬಂತು. ಇಲಿ ಬಿದ್ದರೆ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರೆಂದು ನಮ್ಮಜ್ಜಿ ಹೇಳುತ್ತಿದ್ದರು. ಮನೆಗಳು ಒತ್ತಾಗಿದ್ದ ಹಳ್ಳಿಯಲ್ಲಿ, ಮನೆಯೊಳಗೇ ಧಾನ್ಯ ತುಂಬಿಟ್ಟುಕೊಳ್ಳುವ ಬದುಕಿನಲ್ಲಿ, ಇಲಿಯ ರೋಗಕ್ಕೆ ಅನುಕೂಲ ಹೆಚ್ಚು. ನಂಜಮ್ಮ ಮಗಳು ಪಾರ್ವತಿಯನ್ನೂ ಮಗ ರಾಮಣ್ಣನನ್ನೂ ಒಟ್ಟೊಟ್ಟಿಗೆ ಕಳೆದುಕೊಳ್ಳುವ ಭಾಗವನ್ನು ನಾನು ಈವರೆಗೆ ಜೋರಾಗಿ ಓದಿ ಮುಗಿಸಿದ್ದಿಲ್ಲ; ಗಂಟಲು ಕಟ್ಟುತ್ತದೆ. ಆ ದುಃಖ ಎಲ್ಲ ತಾಯಂದಿರದೂ ಹೌದು. ಆದರೆ ಅದು ಬಂದ ದಾರಿ ನಮ್ಮ ಸೀಮೆಯ ದಾರಿ.

ಕರಾವಳಿಗೆ ಹೋದರೆ ದಾರಿ ಮತ್ತೆ ಬೇರೆ. ಶಿವರಾಮ ಕಾರಂತರು ಹುಟ್ಟಿದ್ದು ಕೋಟದಲ್ಲಿ, 1902ರಲ್ಲಿ. 1941ರ 'ಮರಳಿ ಮಣ್ಣಿಗೆ' ಅದೇ ಸೀಮೆಯ, ಸಮುದ್ರದಂಚಿನ ಕೋಡಿ ಎಂಬ ಊರಿನ ಮೂರು ತಲೆಮಾರಿನ ಕಥೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಹೊಳೆ. ನಡುವೆ ಒಂದು ಪಟ್ಟಿಯಷ್ಟು ಮಣ್ಣು. ನೆಲ ಬೆಳೆಯುವುದಿಲ್ಲ, ಸಂಸಾರ ಮಾತ್ರ ಬೆಳೆಯುತ್ತದೆ. ರಾಮ ಐತಾಳರ ಮನೆಯನ್ನು ಎತ್ತಿ ನಿಲ್ಲಿಸುವುದು ಪಾರೋತಿ, ಸರಸೋತಿ ಎಂಬ ಇಬ್ಬರು ಹೆಂಗಸರ ಬೆನ್ನು ಮುರಿಯುವ ದುಡಿಮೆ. ಮುಂದಿನ ಪೀಳಿಗೆ ಏನು ಮಾಡಬೇಕು? ಹೊರಗೆ ಹೋಗಬೇಕು. ನೆರೆಯ ಶೀನ ಮಯ್ಯ ಬೆಂಗಳೂರಿಗೆ ಹೋಗಿ ಹೋಟೆಲು ಇಡುತ್ತಾನೆ. ಐತಾಳರ ಮಗ ಲಚ್ಚ ಇಂಗ್ಲಿಷು ಓದಲು ಹೋಗಿ ಹಾಳಾಗುತ್ತಾನೆ. ಮೊಮ್ಮಗ ರಾಮ ಮದರಾಸು, ಮುಂಬಯಿ ಎಲ್ಲ ಸುತ್ತಿ ಕೊನೆಗೆ ಅದೇ ಮಣ್ಣಿಗೆ ಬರುತ್ತಾನೆ. ಕಾದಂಬರಿಯ ಹೆಸರಿನಲ್ಲೇ ಇರುವ 'ಮರಳಿ' ಎಂಬ ಪದಕ್ಕೆ ಅರ್ಥ ಬರಬೇಕಾದರೆ ಮೊದಲು ಹೋಗುವುದು ಅನಿವಾರ್ಯವಾಗಿರಬೇಕು. ಆ ಅನಿವಾರ್ಯವನ್ನು ಸೃಷ್ಟಿಸಿದ್ದು ಆ ಸಣ್ಣ ಪಟ್ಟಿ ನೆಲ. ನಮ್ಮ ಊರುಗಳಲ್ಲಿ ನಾವು ಕಂಡ 'ಉಡುಪಿ ಹೋಟೆಲು'ಗಳ ಹಿಂದೆ ಇರುವುದೂ ಇದೇ ಕಥೆಯಲ್ಲವೇ?

ಹೀಗೆ, ನನ್ನ ತಿಳಿವಳಿಕೆಯ ಮಟ್ಟಿಗೆ, ನಮ್ಮ ಮೂರು ಸೀಮೆಗಳು ಮೂರು ಬಗೆಯ ಕಥೆಗಳನ್ನು ಕಟ್ಟಿವೆ. ಮಲೆನಾಡಿನದು ತಪ್ಪಿಸಿಕೊಳ್ಳುವ ಕಥೆ. ಬಯಲಿನದು ಇದ್ದಲ್ಲೇ ತಾಳಿಕೊಳ್ಳುವ ಕಥೆ. ಕರಾವಳಿಯದು ಹೋಗಿ ಮರಳುವ ಕಥೆ. ಎಲ್ಲ ಕಾದಂಬರಿಗಳೂ ಈ ಮೂರು ಗೂಟಗಳಿಗೆ ಕಟ್ಟಿಹಾಕಿದ ದನಗಳೆಂದು ನಾನು ಹೇಳುತ್ತಿಲ್ಲ. ಆದರೆ ನಂಜಮ್ಮನನ್ನು ಹುಲಿಕಲ್ಲಿನ ಬುಡದ ಒಂಟಿಮನೆಯಲ್ಲಿ ಇಟ್ಟು ನೋಡಿ. ಚಿನ್ನಮ್ಮನನ್ನು ರಾಮಸಂದ್ರದ ಬೀದಿಯಲ್ಲಿ ಇಟ್ಟು ನೋಡಿ. ಕಥೆ ಮುಂದಕ್ಕೆ ಹೋಗುವುದಿಲ್ಲ. ಎತ್ತಿ ಬೇರೆಡೆ ಇಟ್ಟರೂ ಒಂದಿಷ್ಟೂ ಬದಲಾಗದ ಕಥೆಯಿದ್ದರೆ, ಅದಕ್ಕೆ ಇನ್ನೂ ಊರು ಸಿಕ್ಕಿಲ್ಲವೆಂದೇ ನನ್ನ ಅಭಿಪ್ರಾಯ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ನೆಲವೆಂದರೆ ಮಣ್ಣು, ನೀರು, ಮರ ಮಾತ್ರವಲ್ಲ. ಆ ಮಣ್ಣು ಯಾರದು, ಆ ನೀರನ್ನು ಯಾರು ಮುಟ್ಟಬಹುದು ಎಂಬುದೂ ನೆಲದ ಭಾಗವೇ. ಅದನ್ನೇ ನಾವು ಸಂಸ್ಕೃತಿ ಎಂದು ಗೌರವದಿಂದ ಕರೆಯುತ್ತೇವೆ. ಕಾರಂತರ 'ಚೋಮನ ದುಡಿ' (1933) ಇದನ್ನು ಬಲು ನಿಷ್ಠುರವಾಗಿ ತೋರಿಸಿತು. ಚೋಮನ ಕಣ್ಣೆದುರಿಗೇ ಗದ್ದೆಯಿದೆ, ಮನೆಯಲ್ಲಿ ಎತ್ತುಗಳಿವೆ, ತೋಳಿನಲ್ಲಿ ಬಲವಿದೆ. ಒಡೆಯ ಸಂಕಪ್ಪಯ್ಯನ ಮನಸ್ಸೂ ಒಂದು ಗಳಿಗೆ ಕರಗುತ್ತದೆ. ಆದರೆ ಅವನ ತಾಯಿ ಒಪ್ಪುವುದಿಲ್ಲ. ಹೊಲೆಯ ಬೇಸಾಯಗಾರನಾಗಬಾರದು ಎಂಬ ಕಟ್ಟಳೆಯಿಂದ ಅವನಿಗೆ ನೆಲ ಸಿಗುವುದಿಲ್ಲ. ಸಾಲ ತೀರಿಸಲು ಮಕ್ಕಳು ಘಟ್ಟ ಹತ್ತಿ ಕಾಫಿ ತೋಟಕ್ಕೆ ಹೋಗಬೇಕಾಗುತ್ತದೆ. ಚನಿಯ ಜ್ವರ ಹೊತ್ತು ಬಂದು ಸಾಯುತ್ತಾನೆ; ಗುರುವ ಅಲ್ಲೇ ಉಳಿಯುತ್ತಾನೆ.

ಈಗ ಅದೇ ಘಟ್ಟವನ್ನು ಮೇಲಿನಿಂದ ನೋಡಿ. 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಐತ, ಪೀಂಚಲು ಮೊದಲಾದವರು ಘಟ್ಟದ ಕೆಳಗಿನಿಂದ ದುಡಿಯಲು ಬಂದವರು. ಆಳುಗಳನ್ನು ತಂದು ದುಡಿಸುವ ಚೀಂಕ್ರ ಸೇರೆಗಾರನೂ ಅಲ್ಲಿದ್ದಾನೆ. ಒಂದೇ ಘಟ್ಟ. ಒಬ್ಬ ಲೇಖಕರು ಬುಡದಲ್ಲಿ ನಿಂತು ಹತ್ತಿಹೋಗುವವರನ್ನು ಕಂಡರು, ಇನ್ನೊಬ್ಬರು ತಲೆಯ ಮೇಲೆ ನಿಂತು ಹತ್ತಿಬಂದವರನ್ನು ಕಂಡರು. ಎರಡನ್ನೂ ಜೋಡಿಸಿ ಓದಿದರೆ ಘಟ್ಟವೆಂಬುದು ಭೂಗೋಳದ ಗೆರೆಯಲ್ಲ, ಸಾಲದ ಏಣಿ ಎಂದು ತಿಳಿಯುತ್ತದೆ. ಒಂದೇ ಕಾಡಿನಲ್ಲಿ ತಪ್ಪಿಸಿಕೊಂಡರೂ ಚಿನ್ನಮ್ಮನ ಓಟ ಮದುವೆಯಲ್ಲಿ ಕೊನೆಗೊಂಡು ಅವಳು ಮನೆಯೊಡತಿಯಾಗುತ್ತಾಳೆ. ಗುತ್ತಿಗೆ ಮಾತ್ರ ನಿಲ್ಲಲು ಒಂದಡಿ ಸ್ವಂತ ನೆಲ ಎಲ್ಲಿಯೂ ಇಲ್ಲ. ಕಾಡು ಇಬ್ಬರನ್ನೂ ಅಡಗಿಸಿಕೊಂಡಿತು. ಸಮಾಜ ಇಬ್ಬರನ್ನೂ ಒಂದೇ ರೀತಿಯಲ್ಲಿ ಬರಮಾಡಿಕೊಳ್ಳಲಿಲ್ಲ. ಪ್ರಕೃತಿ ಬೇರೆ ಖಾನೆ, ಪಾತ್ರಚಿತ್ರಣ ಬೇರೆ ಖಾನೆ ಎಂದು ಬರೆಸಿದವನಿಗೆ ಇದನ್ನು ಯಾವ ಖಾನೆಗೆ ಹಾಕಬೇಕೆಂದು ತಿಳಿಯಲಿಲ್ಲ.

ಮತ್ತೊಂದು ಆಕ್ಷೇಪಣೆಗೂ ಉತ್ತರ ಹೇಳಬೇಕು. 'ಹಾಗಾದರೆ ಕಥೆಗೆ ಸ್ಥಳೀಯ ಸೊಗಡು ತುಂಬಿದರಾಯಿತು' ಎನ್ನುವವರಿದ್ದಾರೆ. ನಾಲ್ಕು ದೇಸಿ ಪದ, ಎರಡು ಊಟದ ಹೆಸರು, ಒಂದು ಯಕ್ಷಗಾನ ಅಥವಾ ಭೂತಕೋಲ. ಇದು ರಜಾದಿನಕ್ಕೆ ಹೋಂಸ್ಟೇಗೆ ಹೋದವರು ತೆಗೆದ ಫೋಟೋದ ಹಾಗೆ. ಕೋಲ ನಡೆದರೆ ಸಾಲದು. ಆ ಕೋಲದಲ್ಲಿ ದೈವದ ನುಡಿ ಬಂದದ್ದರಿಂದ ಯಾವುದಾದರೂ ಜಮೀನಿನ ಜಗಳ ತಿರುಗಬೇಕು. ಮಳೆ ಬಂದರೆ ಸಾಲದು. ಆ ಮಳೆಯಿಂದ ಯಾರಾದರೂ ಎಲ್ಲಿಗೋ ತಲುಪದೆ ಹೋಗಬೇಕು. ಮುಖ್ಯವಾದ ಪ್ರಶ್ನೆ ಇದು: ಈ ನೆಲ ಈ ಮನುಷ್ಯನಿಗೆ ಯಾವ ಬಾಗಿಲನ್ನು ತೆರೆದಿದೆ, ಯಾವುದನ್ನು ಮುಚ್ಚಿದೆ?

"ಭಾವನೆಗಳು ಎಲ್ಲ ಕಡೆಯೂ ಒಂದೇ" ಎಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಒಲವು ಒಂದೇ, ಹಸಿವು ಒಂದೇ, ಮಗ ಸತ್ತ ದುಃಖ ಒಂದೇ. ಆದರೆ ಭಾವನೆಯಷ್ಟೇ ಕಾದಂಬರಿಯಾಗುವುದಿಲ್ಲ. ಭಾವನೆ ಹೊತ್ತ ಮನುಷ್ಯ ಮುಂದೇನು ಮಾಡುತ್ತಾನೆ ಎಂಬುದು ಕಾದಂಬರಿ. ಅವನು ಏನು ಮಾಡಬಲ್ಲನೆಂಬುದನ್ನು ಅವನ ಎದೆಯೊಂದೇ ತೀರ್ಮಾನಿಸುವುದಿಲ್ಲ. ಅವನ ಕಾಲಡಿಯ ನೆಲವೂ ತೀರ್ಮಾನಿಸುತ್ತದೆ. ಊರಿನ ಹೆಸರು ಹಾಕಿದ್ದರಿಂದ ಕೋಡಿಯ ಕಥೆ ಚಿಕ್ಕದಾಗಲಿಲ್ಲ. ಸಮುದ್ರವನ್ನೇ ಕಾಣದ ತುಮಕೂರಿನ ಹುಡುಗನಾದ ನಾನು ಸರಸೋತಿಯ ಬಳಲಿಕೆಯಲ್ಲಿ ನಮ್ಮ ಸೋದರತ್ತೆಯನ್ನು ಕಂಡೆ.

ನೆಲ ಬದಲಾದರೆ ಕಥೆಯೂ ಬದಲಾಗುತ್ತದೆ ಎಂಬುದಕ್ಕೆ ಕಣ್ಣೆದುರಿನ ಸಾಕ್ಷಿ ಶರಾವತಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅಲ್ಲಿನ ಎಷ್ಟೋ ಹಳ್ಳಿಗಳು ನೀರಿನಡಿ ಹೋದವು. ನಾವೆಲ್ಲ ಆ ವಿದ್ಯುತ್ತಿನ ಬೆಳಕಿನಲ್ಲಿ ಓದಿ ಪಾಸಾದವರು. ಸಾಗರದ ನಾ. ಡಿಸೋಜ ಅವರು ಆ ಮುಳುಗಡೆಯನ್ನು ಹತ್ತಿರದಿಂದ ಕಂಡವರು. ಅವರ 'ದ್ವೀಪ' ಕಾದಂಬರಿಯಲ್ಲಿ ಏರುತ್ತಿರುವ ನೀರೇ ಕಥೆಯನ್ನು ನಡೆಸುತ್ತದೆ. ದಿನದಿನಕ್ಕೂ ನೆಲ ಕಿರಿದಾಗುತ್ತದೆ. ನೆರೆಯವರು ಒಬ್ಬೊಬ್ಬರಾಗಿ ಹೋಗುತ್ತಾರೆ. ಉಳಿದವರ ನಡುವಿನ ಸಂಬಂಧ ಬಿಗಿಯಾಗುತ್ತ ಹೋಗುತ್ತದೆ. ಗಿರೀಶ್ ಕಾಸರವಳ್ಳಿಯವರ ಚಲನಚಿತ್ರದ ಮೂಲಕ ನಿಮ್ಮಲ್ಲಿ ಹಲವರು ಈ ಕಥೆಯನ್ನು ಬಲ್ಲಿರಿ. 2025ರಲ್ಲಿ ಡಿಸೋಜ ಅವರು ತೀರಿಕೊಂಡ ಸುದ್ದಿ ಓದಿದಾಗ ನನಗನ್ನಿಸಿದ್ದು: ಆ ಊರುಗಳಿಗೆ ಇನ್ನು ಪುಸ್ತಕದಲ್ಲಿ ಬಿಟ್ಟರೆ ಬೇರೆ ವಿಳಾಸವಿಲ್ಲ. ಹೆಸರಿಲ್ಲದ 'ಆ ಊರು' ಎಂದು ಎಲ್ಲರೂ ಬರೆದಿದ್ದರೆ, ಅವು ಎರಡು ಸಲ ಮುಳುಗುತ್ತಿದ್ದವು.

ಇಷ್ಟೆಲ್ಲವನ್ನೂ ನನ್ನ ವಿದ್ಯಾರ್ಥಿನಿಗೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಮಾತು ಕೇಳಿದಳು. ಅದು ಈ ಲೇಖನದ ಎಲ್ಲ ಮಾತಿಗಿಂತ ದೊಡ್ಡದು.

"ಸರ್, ನಮ್ಮ ತಂದೆ ಬ್ಯಾಂಕಿನಲ್ಲಿದ್ದರು. ಮೂರು ವರ್ಷಕ್ಕೊಂದು ವರ್ಗಾವಣೆ. ನಿಮ್ಮ ಶಾಲೆಯಲ್ಲಿ ಎರಡು ವರ್ಷ, ಅದಕ್ಕಿಂತ ಮೊದಲು ಶಿರಸಿ, ಆಮೇಲೆ ದಾವಣಗೆರೆ. ಈಗ ಬೆಂಗಳೂರಿನಲ್ಲಿ ಹದಿನೈದು ವರ್ಷ. ನನಗೆ ಊರೇ ಇಲ್ಲವಲ್ಲ? ಊರಿಲ್ಲದವರು ಬರೆಯಬಾರದೇ?"

ಅಡಿಕೆಯೂ ರಾಗಿಯೂ ಒಂದೇ ಊರಿನಲ್ಲಿ ಏಕೆ ಬೆಳೆದವೆಂದು ಆಗ ನನಗೆ ಅರ್ಥವಾಯಿತು. ಅದು ಅಜ್ಞಾನವಲ್ಲ, ಅಲ್ಲಿಷ್ಟು ಇಲ್ಲಿಷ್ಟು ಕಂಡದ್ದನ್ನು ಸೇರಿಸಿ ಅವಳು ತನಗೊಂದು ಊರು ಕಟ್ಟಿಕೊಂಡಿದ್ದಳು. ಕೆಂಪು ಶಾಯಿ ಹಿಡಿದ ಕೈ ತುಸು ಹಿಂದೆ ಸರಿಯಿತು.

ಆದರೂ ನನ್ನ ಅಭಿಪ್ರಾಯ ಬದಲಾಗಲಿಲ್ಲ. ನಾನು ಕೇಳಿದೆ: "ನೀನು ಈಗ ಇರುವ ಬಡಾವಣೆಯಲ್ಲಿ ನೀರು ಹೇಗೆ ಬರುತ್ತದೆ ತಾಯಿ?"

ಅವಳು ಹೇಳತೊಡಗಿದಳು. ಕಾವೇರಿ ನೀರು ಅಲ್ಲಿಗೆ ಇನ್ನೂ ಬಂದಿಲ್ಲವಂತೆ. ಕೊಳವೆಬಾವಿ 2024ರ ಬೇಸಿಗೆಯಲ್ಲಿ ಬತ್ತಿತಂತೆ. ಟ್ಯಾಂಕರಿನವನು ಫೋನ್ ಎತ್ತುವ ಹೊತ್ತಿಗೆ ಸರಿಯಾಗಿ ಅವಳು ಕಚೇರಿಯ ಕೆಲಸ ಬಿಟ್ಟು ಎದ್ದು ಬರಬೇಕಂತೆ. ಮನೆಗೆಲಸದಾಕೆ ಒಂದು ದಿನ ಬರದಿದ್ದಾಗ ವಿಚಾರಿಸಿದರೆ, ಅವರ ಕೇರಿಗೆ ಅಂದು ನೀರಿನ ಸರದಿಯಂತೆ. ಬಡಾವಣೆಯ ಹೆಸರಿನಲ್ಲಿ 'ಕೆರೆ' ಇದೆ. ಕೆರೆ ಮಾತ್ರ ಇಲ್ಲ. ಮಳೆ ಜೋರಾದ ರಾತ್ರಿ ಕೆಳಗಿನ ಸಾಲು ಮನೆಗಳೊಳಗೆ ನೀರು ನುಗ್ಗಿ, ತಾನು ಕೆರೆಯೆಂದು ನೆನಪಿಸುತ್ತದಂತೆ. ಇಪ್ಪತ್ತು ನಿಮಿಷ ಮಾತಾಡಿದಳು. ಅವಳ ಇಡೀ ಹಸ್ತಪ್ರತಿಯಲ್ಲಿ ಇಲ್ಲದ ಬಿಸಿ ಆ ಮಾತಿನಲ್ಲಿತ್ತು.

"ಇದೇ ನಿನ್ನ ಊರು. ಇಲ್ಲಿ ಯಾರು ತಪ್ಪಿಸಿಕೊಳ್ಳಬಲ್ಲರು, ಯಾರು ಸಿಕ್ಕಿಬೀಳುತ್ತಾರೆ, ಯಾರು ಬಿಟ್ಟು ಹೋಗುತ್ತಾರೆ ಎಂದು ನೋಡು" ಎಂದೆ. ಟ್ಯಾಂಕರಿನ ಗಂಟೆಗೆ ಹೊಂದಿಸಿಕೊಂಡ ಬದುಕಿನಲ್ಲಿಯೂ ಒಲವು ಹುಟ್ಟುತ್ತದೆ, ಜಗಳ ಹುಟ್ಟುತ್ತದೆ, ಸಾಲ ಹುಟ್ಟುತ್ತದೆ. ಸಂಕದ ಜಾಗದಲ್ಲಿ ಈಗ ಮೇಲ್ಸೇತುವೆಯಿದೆ. ಅದೂ ಮಳೆ ಬಂದಾಗ ಜನರನ್ನು ಈಚೆಯಲ್ಲೇ ನಿಲ್ಲಿಸುತ್ತದೆ. ಊರೆಂದರೆ ಅಜ್ಜ ನೆಟ್ಟ ಮರವೇ ಆಗಬೇಕಿಲ್ಲ. ನಮ್ಮ ದಿನವನ್ನು ಬದಲಾಯಿಸುವ ಶಕ್ತಿ ಯಾವ ನೆಲಕ್ಕಿದೆಯೋ ಅದು ನಮ್ಮ ಊರು. ಅವಳು ಹಸ್ತಪ್ರತಿಯನ್ನು ವಾಪಸು ಕೇಳಿದ್ದಾಳೆ. ತಿದ್ದುತ್ತಾಳೋ ಹೊಸದಾಗಿ ಬರೆಯುತ್ತಾಳೋ ನನಗೆ ತಿಳಿಯದು. ಒಪ್ಪದೆ ಹಾಗೆಯೇ ಪ್ರಕಟಿಸಿದರೂ ನಾನು ಮೊದಲ ಪ್ರತಿಯನ್ನು ಕೊಂಡು ಓದುವವನೇ.

ಉಳಿದಂತೆ, ನನ್ನ ಟಿಪ್ಪಣಿಗಳನ್ನು ಇನ್ನೂ ಜೋಪಾನವಾಗಿಟ್ಟುಕೊಂಡಿರುವ ಶಿಷ್ಯರಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಎಷ್ಟೋ ಮಂದಿ ಈಗ ಶಿಕ್ಷಕರಾಗಿದ್ದೀರಿ. 1984ರ ಆ ಚಳಿಗಾಲದಲ್ಲೇ ನನಗೆ ಸತ್ಯ ತಿಳಿದಿತ್ತು. ಆದರೂ ಪ್ರಶ್ನೆಪತ್ರಿಕೆಯಲ್ಲಿ ಹಾಗೆಯೇ ಕೇಳುತ್ತಾರೆಂಬ ಕಾರಣದಿಂದ ಮೂವತ್ತಕ್ಕೂ ಹೆಚ್ಚು ವರ್ಷ ಅದೇ ಐದು ಖಾನೆಗಳನ್ನು ಬರೆಸಿದೆ. ನೀವು ಹಾಗೆ ಮಾಡಬೇಡಿ. 'ಈ ಪಾಠದ ಪ್ರಕೃತಿ ವರ್ಣನೆಯನ್ನು ಬರೆಯಿರಿ' ಎಂದು ಕೇಳುವ ಬದಲು, 'ಈ ಕಥೆ ನಿಮ್ಮ ಊರಿನಲ್ಲಿ ನಡೆದಿದ್ದರೆ ಏನಾಗುತ್ತಿತ್ತು?' ಎಂದು ಮಕ್ಕಳನ್ನು ಕೇಳಿ ನೋಡಿ. ಬರುವ ಉತ್ತರಗಳು ನಿಮಗೇ ಪಾಠವಾದಾವು.

ಇನ್ನು ಆ ಹುಡುಗ. ಈಗ ಐವತ್ತು ದಾಟಿರಬೇಕು. ಎಲ್ಲಿದ್ದಾನೋ ಗೊತ್ತಿಲ್ಲ. ಯಾರ ಮೂಲಕವಾದರೂ ಈ ಬರಹ ಅವನ ಕಣ್ಣಿಗೆ ಬಿದ್ದರೆ ಒಂದು ಮಾತು: ಅಪ್ಪಾ, ಆ ಕಿರುಪರೀಕ್ಷೆಯ ಸೊನ್ನೆ ನಿನ್ನದಲ್ಲ, ನನ್ನದು. ನಿಮ್ಮ ತಂದೆಯವರು ಹೇಳಿದ್ದು ನೆಪವಾಗಿರಲಿಲ್ಲ. ಅದು ನಾನು ಓದಲು ಬಾರದೆ ಹೋದ ನಿಮ್ಮ ಊರಿನ ಮೊದಲ ವಾಕ್ಯ.